ಹೂಂಗುಟ್ಟುವ ಕೆಲಸ

ಕಥೆ ಹೇಳುವವರಿಗೆ ಎದುರಿಗೊಬ್ಬರು ಹೂಂಗುಟ್ಟುವವರು ಬೇಕು. ಹೂಂಗುಟ್ಟುವವರು ತೂಕಡಿಸಿದರೆ ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಹೂಂಗುಟ್ಟುವುದನ್ನೇ ಉದ್ಯೋಗ ಮಾಡಿಕೊಂಡು, ಅದಕ್ಕೆಂದೇ ಒಂದು ಕುರ್ಚಿ, ಕೊರಳಿಗೊಂದು ಗುರುತಿನ ಬಿಲ್ಲೆ ಪಡೆದವರು ಯಾರಾದರೂ ಇದ್ದರೆ ಅದು ಬಾನುಲಿ ಕೇಂದ್ರದ ಆ ಹುಡುಗಿ ಒಬ್ಬಳೇ ಇರಬೇಕು. ಅದೂ ಬಾಯಿ ಬಿಟ್ಟು ಹೂಂ ಅನ್ನುವ ಹಾಗಿಲ್ಲ. ಸ್ಟುಡಿಯೋದಲ್ಲಿ ಸದ್ದಾಗಬಾರದು, ಬರೀ ತಲೆ ಆಡಿಸಬೇಕು. ಅರ್ಥವಾದರೆ ಮೇಲೆ ಕೆಳಗೆ, ಅರ್ಥವಾಗದಿದ್ದರೆ ಅಡ್ಡಡ್ಡ. ಎರಡೇ ಎರಡು. ಇದಕ್ಕಿಂತ ಸುಲಭದ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಅವಳ ಸೋದರತ್ತೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಆ ಎರಡರಲ್ಲಿ ಒಂದು ತನ್ನ ಸೋದರಸೊಸೆಗೆ ಬರುವುದೇ ಇಲ್ಲ ಅನ್ನುವುದು ಸೋದರತ್ತೆಗೂ ಗೊತ್ತಿರಲಿಲ್ಲ.

ಅಡ್ಡಡ್ಡ ಆಡಿಸುವುದು ಅವಳಿಂದ ಆಗುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು "ಅರ್ಥ ಆಯ್ತಾ" ಅಂದರೆ ಇಡೀ ತರಗತಿಯಲ್ಲಿ ಮೊದಲು ಅಲ್ಲಾಡುತ್ತಿದ್ದ ತಲೆ ಅವಳದೇ. ಆಗಲಿಲ್ಲ ಅಂದರೆ ಮೇಷ್ಟ್ರು ಇನ್ನೊಮ್ಮೆ ಹೇಳುತ್ತಾರೆ. ಇನ್ನೊಮ್ಮೆ ಹೇಳುವಾಗ ಅವಳನ್ನೇ ನೋಡುತ್ತಾರೆ. ಮೇಷ್ಟ್ರು ನೋಡಿದ ಕಡೆಗೆ ತರಗತಿಯೂ ನೋಡುತ್ತದೆ. ಅಷ್ಟೊಂದು ರಾದ್ಧಾಂತ ಯಾಕೆ, ಒಮ್ಮೆ ಕುತ್ತಿಗೆ ಬಗ್ಗಿಸಿದರೆ ಎಲ್ಲರಿಗೂ ನೆಮ್ಮದಿ. ಹೀಗೆ ವರ್ಷಗಟ್ಟಲೆ ಒಳಗೆ ಕೂಡಿಬಿದ್ದದ್ದೆಲ್ಲ ಎಂಟನೇ ತರಗತಿಯ ಪರೀಕ್ಷೆಯಲ್ಲಿ ಒಟ್ಟಿಗೇ ಹೊರಗೆ ಬಂತು. ಇಷ್ಟು ಚೆನ್ನಾಗಿ ತಲೆಯಾಡಿಸುವ ಹುಡುಗಿ ಎಲ್ಲ ವಿಷಯದಲ್ಲೂ ಫೇಲಾದದ್ದು ಹೇಗೆ ಎಂದು ಮೇಷ್ಟ್ರಿಗೆ ಕೊನೆಗೂ ಬಗೆಹರಿಯಲಿಲ್ಲ. ಅವಳಿಗೆ ಬಗೆಹರಿದಿತ್ತು, ಆದರೆ ಅವಳನ್ನು ಯಾರೂ ಕೇಳಲಿಲ್ಲ. ಅವಳ ತಲೆಯೊಳಗೆ ಏನೂ ಹೋಗುತ್ತಿರಲಿಲ್ಲ, ನಿಜ. ಹೊರಗಿನಿಂದ ಮಾತ್ರ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಆಮೇಲೆ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಬಾನುಲಿ ಕೇಂದ್ರದ ಕೆಳಮಹಡಿಯಲ್ಲಿ ಸೋದರತ್ತೆಯ ಕ್ಯಾಂಟೀನು ಇತ್ತು. ಅಲ್ಲಿ ಲೋಟ ತೊಳೆಯಲು ಸೇರಿಕೊಂಡಳು. ಲೋಟಗಳು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಮೇಲಿನ ಮಹಡಿಗೆ ಟೀ ಒಯ್ಯುವಾಗ ಮಾತ್ರ ಕಷ್ಟ. ಹಜಾರದಲ್ಲಿ ಯಾರಾದರೂ ಎದುರಾದರೆ ಟ್ರೇ ಸಮೇತ ಗೋಡೆಯೊಳಗೆ ಸೇರಿಕೊಳ್ಳುವಂತೆ ನಿಂತುಬಿಡುತ್ತಿದ್ದಳು.

ಆ ಮಹಡಿಯಲ್ಲೇ ಪ್ರತಿ ಬುಧವಾರ ಮಧ್ಯಾಹ್ನ ವಿಜ್ಞಾನದ ಮಾತುಕತೆ ಧ್ವನಿಮುದ್ರಣವಾಗುತ್ತಿತ್ತು. ವಾರಕ್ಕೊಬ್ಬ ವಿಜ್ಞಾನಿ ಬಂದು ನಕ್ಷತ್ರ, ಅಣು, ಜ್ವಾಲಾಮುಖಿ, ಇರುವೆ, ಹೀಗೆ ಯಾವುದಾದರೊಂದರ ಬಗ್ಗೆ ಮಾತಾಡಬೇಕು. ನಿರೂಪಕರು ಪ್ರಶ್ನೆ ಕೇಳಬೇಕು. ನಿರೂಪಕರದು ತುಂಬು ಗಂಟಲು. ಅವರು ನಮಸ್ಕಾರ ಅಂದರೆ ಸದ್ದು ಹೀರಲೆಂದು ಗೋಡೆಗೆ ಹೊಡೆದ ಸ್ಪಂಜು ಕೂಡ ಎದ್ದು ಕೈಮುಗಿಯಬೇಕು, ಅಂಥದ್ದು. ಆದರೂ ಕೇಳುಗರ ದೂರು ತಪ್ಪಿದ್ದಲ್ಲ. ಜನಸಾಮಾನ್ಯರಿಗಾಗಿ ಅನ್ನುತ್ತೀರಿ, ಜನಸಾಮಾನ್ಯರಿಗೆ ಒಂದಕ್ಷರ ತಲೆಗೆ ಹತ್ತುತ್ತಿಲ್ಲ ಎಂದು. ನಿರೂಪಕರು ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಹಿಡಿದರು. ವಿಜ್ಞಾನಿಯ ಎದುರಿಗೆ ಜನಸಾಮಾನ್ಯರೊಬ್ಬರನ್ನೇ ಕೂರಿಸಿಬಿಡುವುದು. ಅವರ ಮುಖ ನೋಡಿಕೊಂಡು ವಿಜ್ಞಾನಿ ಮಾತಾಡಲಿ. ಅವರಿಗೆ ತಿಳಿದರೆ ಊರಿಗೇ ತಿಳಿದ ಹಾಗೆ. ಜನಸಾಮಾನ್ಯರು ಈಗ ಎಲ್ಲಿ ಸಿಗುತ್ತಾರೆ ಎಂದು ಅವರು ತಲೆ ಎತ್ತಿದಾಗ ಬಾಗಿಲಲ್ಲಿ ಟ್ರೇ ಹಿಡಿದುಕೊಂಡು ಇವಳು ನಿಂತಿದ್ದಳು.

"ಎಷ್ಟನೇ ಕ್ಲಾಸು ಓದಿದೀಯಮ್ಮ?"

"ಎಂಟು."

"ಪಾಸಾ?"

ಅವಳು ಟೀ ಲೋಟಗಳನ್ನು ನೋಡಿದಳು.

"ಪರವಾಗಿಲ್ಲ ಬಿಡು, ಇನ್ನೂ ಒಳ್ಳೇದೇ ಆಯ್ತು," ಅಂದರು ನಿರೂಪಕರು. ಫೇಲಾದದ್ದೇ ಅರ್ಹತೆಯಾಗಿ ಕೆಲಸ ಸಿಕ್ಕಿದ್ದನ್ನು ಸೋದರತ್ತೆ ನಂಬಲು ಬಹಳ ದಿನ ಬೇಕಾಯಿತು.

ಹೀಗೆ ಸ್ಟುಡಿಯೋಕ್ಕೆ ಮೂರನೆಯ ಕುರ್ಚಿ ಬಂತು. ಅದರ ಮುಂದೆ ಮೈಕು ಇರಲಿಲ್ಲ. ಕೂತವರು ಮಗ್ಗುಲು ಬದಲಿಸಿದರೆ ಕಿರ್ರ್ ಅನ್ನುತ್ತಿತ್ತು, ಆದ್ದರಿಂದ ಬೆನ್ನು ಕದಲಿಸದೆ ಕುತ್ತಿಗೆ ಮಾತ್ರ ಆಡಿಸಬೇಕು. ಬಳೆ ತೆಗೆದಿಡಬೇಕು, ಚಪ್ಪಲಿ ಹೊರಗೆ ಬಿಡಬೇಕು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಗಾಜಿನ ಆಚೆ ಗುಂಡಿಗಳ ಮೇಜಿನ ಹಿಂದೆ ಕೂತು ದನಿಯನ್ನು ಏರಿಸಿ ಇಳಿಸುವವನನ್ನು ಎಲ್ಲರೂ ಗುಂಡಿಯಣ್ಣ ಅನ್ನುತ್ತಿದ್ದರು. ಅವಳಿಗೆ ಹೂಂಕಾರ ಎಂದು ಹೆಸರಿಟ್ಟವನು ಅವನೇ. ಹುಲಿ ಸಿಂಹಗಳಿಗೆ ಸಲ್ಲಬೇಕಾದ ಹೆಸರು, ಜಿರಳೆಯನ್ನು ಕಂಡರೆ ದಾರಿ ಬಿಟ್ಟು ನಿಲ್ಲುವ ಹುಡುಗಿಗೆ. ಅದಕ್ಕೂ ಅವಳು ತಲೆ ಆಡಿಸಿದಳು.

ಮೊದಮೊದಲು ಬರೀ ಹೆದರಿಕೆ. ಆಮೇಲೆ ಆ ಕುರ್ಚಿ ಅವಳಿಗೆ ಇಷ್ಟವಾಗತೊಡಗಿತು, ತೀರಾ ಇಷ್ಟವಾಗತೊಡಗಿತು. ಅಷ್ಟು ಓದಿದವರು ಅವಳನ್ನೇ ನೋಡಿಕೊಂಡು ಮಾತಾಡುತ್ತಾರೆ. ಅವಳು ತಲೆಯಾಡಿಸಿದರೆ ಅವರ ಮುಖದಲ್ಲಿ ದೀಪ ಹಚ್ಚಿದಂತಾಗುತ್ತದೆ. ಕೆಳಗೆ ಕ್ಯಾಂಟೀನಿನಲ್ಲಿ ಅವಳು ಇಡೀ ದಿನ ನಿಂತಿದ್ದರೂ ಯಾರೂ ನೋಡುತ್ತಿರಲಿಲ್ಲ. ಇಲ್ಲಿ ಭೂಕಂಪದ ವಿಜ್ಞಾನಿಯೊಬ್ಬರು ಭೂಮಿಯ ಹೊಟ್ಟೆಯಲ್ಲಿ ಏನಿದೆ ಎಂದು ಅವಳೊಬ್ಬಳಿಗೇ ಗುಟ್ಟು ಹೇಳುವಂತೆ ಹೇಳಿದ್ದರು. ಭೂಮಿಯ ಹೊಟ್ಟೆಯಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಆ ವಿಜ್ಞಾನಿ ಮಾತಾಡುವಾಗ ಎಡಹುಬ್ಬು ಏರಿಸುತ್ತಿದ್ದರು, ಅಂಗಿಯ ಮೇಲಿನ ಗುಂಡಿ ಬೇರೆ ಬಣ್ಣದ್ದು, ನಡುವೆ ಹೆಂಡತಿಯ ನೆನಪಾದಂತೆ ಒಮ್ಮೆ ಗಡಿಯಾರ ನೋಡಿದರು, ಇವೆಲ್ಲ ಅವಳಿಗೆ ಚೆನ್ನಾಗಿ ತಿಳಿದಿತ್ತು. ವಿಜ್ಞಾನಿಯನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಅವಳು ಎತ್ತಿದ ಕೈ. ವಿಜ್ಞಾನ ಮಾತ್ರ ಬಾಕಿ.

ತೊಂದರೆ ಏನೆಂದರೆ, ತಲೆಯಾಡಿಸುವವರು ಸಿಕ್ಕರೆ ಮಾತಾಡುವವರಿಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಒಬ್ಬ ಭೌತವಿಜ್ಞಾನಿ ಬೆಳಕಿನ ವಿಷಯ ಹೇಳಲು ಬಂದವರು, ಮೊದಲು ಎಚ್ಚರಿಕೆಯಿಂದ ಒಂದೊಂದೇ ಹೆಜ್ಜೆ ಇಟ್ಟರು. ಅವಳು ತಲೆಯಾಡಿಸಿದಳು. ಓಹೋ, ಇದು ಗೊತ್ತಿದೆ ಎಂದುಕೊಂಡು ಅವರು ಎರಡೆರಡು ಮೆಟ್ಟಿಲು ಹಾರಿದರು. ಅವಳು ತಲೆಯಾಡಿಸಿದಳು. ಕೊನೆಗೆ ಅವರು ತಮ್ಮ ಸಂಶೋಧನಾ ಪ್ರಬಂಧವನ್ನೇ ಒಪ್ಪಿಸತೊಡಗಿದರು, ಬೆವರು ಒರೆಸಿಕೊಳ್ಳುತ್ತಾ, ಜೀವನದಲ್ಲಿ ಮೊದಲ ಬಾರಿಗೆ ತನ್ನನ್ನು ತಿಳಿದುಕೊಳ್ಳುವ ಜೀವ ಸಿಕ್ಕಿತು ಅನ್ನುವ ಹಾಗೆ. ಹೊರಡುವಾಗ ಅವಳ ಕೈ ಕುಲುಕಿದರು. ಅವಳು ಆ ಇಡೀ ದಿನ ಕೈಯನ್ನು ನೋಡಿಕೊಂಡಳು.

ಅಷ್ಟರಲ್ಲಿ ಕೇಂದ್ರಕ್ಕೆ ಹೊಸ ಮುಖ್ಯಸ್ಥೆ ಬಂದರು. ನೇರ ಮಾತಿನ ಹೆಂಗಸು. ಕುರ್ಚಿಯಲ್ಲಿ ಕೂರುವಾಗಲೂ ಯಾರನ್ನೋ ಎಬ್ಬಿಸಿ ಕೂತಂತೆ ಕೂರುತ್ತಿದ್ದರು. ಕೇಳುಗರ ದೂರು ಹಿಂದಿಗಿಂತ ಹೆಚ್ಚಾಗಿದೆ, ಈ ಹೊತ್ತನ್ನು ಮೆಚ್ಚಿನ ಹಾಡುಗಳಿಗೆ ಕೊಟ್ಟುಬಿಡೋಣ ಎಂದು ಅವರು ಸಭೆಯಲ್ಲಿ ಹೇಳಿದರು. ನಿರೂಪಕರು ಎದ್ದು ನಿಂತು ತಮ್ಮ ತುಂಬು ಗಂಟಲಿನಲ್ಲಿ ವಾದಿಸಿದರು. ಕಾರ್ಯಕ್ರಮ ತಿಳಿಯುವುದಿಲ್ಲ ಅನ್ನುವುದು ಶುದ್ಧ ಸುಳ್ಳು, ಎಂಟನೇ ತರಗತಿ ಫೇಲಾದ ಹುಡುಗಿ ವಾರವಾರವೂ ಕೂತು ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದಾಳೆ, ಒಂದೇ ಒಂದು ಸಲ ಅಡ್ಡಡ್ಡ ತಲೆ ಆಡಿಸಿದವಳಲ್ಲ, ಹಾಗಾದರೆ ತಪ್ಪು ಕೇಳುಗರ ಕಿವಿಯಲ್ಲಿದೆ ಎಂದರು. ಎಲ್ಲರೂ ಅವಳತ್ತ ತಿರುಗಿದರು. ಅವಳು ಟೀ ಹಂಚಲು ಬಂದಿದ್ದಳು. ಬೇರೇನೂ ತೋಚದೆ ತಲೆಯಾಡಿಸಿದಳು.

"ಸರಿ," ಅಂದರು ಮುಖ್ಯಸ್ಥೆ. "ಮುಂದಿನ ಬುಧವಾರ ನೇರ ಪ್ರಸಾರ ಮಾಡಿ. ನಾನು ಗಾಜಿನ ಆಚೆ ಕೂತ್ಕೋತೀನಿ. ಕೊನೆಯಲ್ಲಿ ಇವಳಿಗೆ ಮೈಕು ಕೊಟ್ಟು, ಏನು ತಿಳೀತು ಅಂತ ಇವಳ ಬಾಯಲ್ಲೇ ಹೇಳಿಸಿ. ಹೇಳಿದ್ರೆ ಕಾರ್ಯಕ್ರಮಾನೂ ಇರಲಿ, ಇವಳ ಕುರ್ಚಿನೂ ಇರಲಿ. ಇಲ್ಲಾಂದ್ರೆ ಹಾಡು."

ನಿರೂಪಕರು ಗೆದ್ದವರಂತೆ ಅವಳ ಬೆನ್ನು ತಟ್ಟಿದರು. ಟ್ರೇಯಲ್ಲಿದ್ದ ಲೋಟಗಳು ಒಂದಕ್ಕೊಂದು ಬಡಿದು ಗಲಗಲ ಅಂದವು.

ಆ ವಾರವೆಲ್ಲ ಅವಳು ನಿಜ ಹೇಳಿಬಿಡೋಣ ಎಂದು ನಿರೂಪಕರ ಕೋಣೆಯ ಬಾಗಿಲವರೆಗೆ ಹೋಗುತ್ತಿದ್ದಳು. ಅವರು "ಏನಮ್ಮ" ಅಂದ ಕೂಡಲೇ ಲೋಟ ಎತ್ತಿಕೊಂಡು ಬರುತ್ತಿದ್ದಳು. ಖಾಲಿಯಾಗದ ಲೋಟವನ್ನೂ ಒಂದು ಸಲ ಎತ್ತಿಕೊಂಡು ಬಂದಳು. ಸೋದರತ್ತೆಗೆ ಹೇಳೋಣವೆಂದರೆ ಅವಳಾಗಲೇ ಊರಿಗೆಲ್ಲ ಡಂಗುರ ಹೊಡೆದಾಗಿತ್ತು, ನಮ್ಮ ಹುಡುಗಿ ಬುಧವಾರ ಬಾನುಲಿಯಲ್ಲಿ ಖಗೋಳದ ಬಗ್ಗೆ ಮಾತಾಡ್ತಾಳೆ ಎಂದು. ಖಗೋಳವೆಂದರೆ ಏನತ್ತೆ ಎಂದು ಇವಳೇ ಕೇಳಿದ್ದಕ್ಕೆ, "ನೀನೇ ಹೇಳಬೇಕು ಕಣೆ, ನನ್ನ ಕೇಳಿದ್ರೆ?" ಅಂದಳು.

ಕೊನೆಗೆ ಗುಂಡಿಯಣ್ಣನ ಬಳಿ ಹೋದಳು. ಅವನು ಮೈಕಿಗೆ ಹಾಕುವ ಸ್ಪಂಜಿನ ಟೋಪಿಗಳನ್ನು ತೊಳೆದು ಕಿಟಕಿಯಲ್ಲಿ ಸಾಲಾಗಿ ಒಣಹಾಕುತ್ತಿದ್ದ. ಅವಳು ಅವನಿಗೆ ಬೆನ್ನು ತಿರುಗಿಸಿ ನಿಂತು, ಟೋಪಿಯೊಂದನ್ನು ಹಿಂಡುತ್ತಾ, ತನಗೆ ಇಷ್ಟು ದಿನ ಒಂದೂ ಅರ್ಥವಾಗಿಲ್ಲ ಎಂದು ಕಿಟಕಿಗೆ ಹೇಳಿದಳು.

ತಿರುಗಿ ನೋಡಿದರೆ ಗುಂಡಿಯಣ್ಣ ಬಾಯಿ ತೆರೆದುಕೊಂಡು ನಿಂತಿದ್ದ.

"ನಿನಗೂನಾ?" ಅಂದ.

ಅವನ ಕಥೆ ಇಷ್ಟು. ಅವನಿಗೂ ಒಂದೂ ತಿಳಿಯುತ್ತಿರಲಿಲ್ಲ. ಹಿಂದೆಲ್ಲ ತಿಳಿಯದಿದ್ದಾಗ ಗಾಜಿನ ಆಚೆಯಿಂದ ಕೈ ಎತ್ತಿ, ಇನ್ನೊಮ್ಮೆ ಹೇಳಿಸಿ ಎಂದು ನಿರೂಪಕರಿಗೆ ಸನ್ನೆ ಮಾಡುತ್ತಿದ್ದನಂತೆ. ಇವಳು ಬಂದ ಮೇಲೆ, ಎಂಟನೇ ತರಗತಿಯವಳಿಗೆ ತಿಳಿಯುವುದು ಡಿಪ್ಲೊಮಾ ಮಾಡಿದ ತನಗೆ ತಿಳಿಯುತ್ತಿಲ್ಲವಲ್ಲ ಎಂದು ನಾಚಿಕೆಯಾಗಿ ಕೈಯನ್ನು ಜೇಬಿಗೆ ಹಾಕಿಕೊಂಡ. ನಿರೂಪಕರದೂ ಅದೇ ಪಾಡು. ಒಂದು ದಿನ ಧ್ವನಿಮುದ್ರಣ ಮುಗಿದ ಮೇಲೆ ಇವನನ್ನು ಮೂಲೆಗೆ ಕರೆದು, ಆ ಹುಡುಗಿಗೆ ನಿಜವಾಗಲೂ ತಿಳಿಯುತ್ತಾ ಎಂದು ಕೇಳಿದ್ದರಂತೆ. ತಲೆ ಆಡಿಸ್ತಾಳಲ್ಲ ಸಾರ್ ಎಂದು ಇವನು ಅಂದಿದ್ದ. ಅಂದಿನಿಂದ ಅವರೂ ಪ್ರಶ್ನೆ ಕೇಳುವುದನ್ನು ಬಿಟ್ಟು ತಲೆಯಾಡಿಸತೊಡಗಿದರು. ಅವರು ಆಡಿಸುವುದನ್ನು ನೋಡಿ ಇವನು, ಇವನು ಆಡಿಸುವುದನ್ನು ನೋಡಿ ಅವರು.

ಅವಳು ಟೋಪಿಯನ್ನು ಹಿಂಡುವುದನ್ನು ನಿಲ್ಲಿಸಿದಳು. ಜನಸಾಮಾನ್ಯರಿಗೆ ತಿಳಿಯಲಿ ಎಂದು ತಂದು ಕೂರಿಸಿದ ಜನಸಾಮಾನ್ಯೆಯಿಂದಾಗಿ, ಇದ್ದಬದ್ದ ಇಬ್ಬರು ತಿಳುವಳಿಕಸ್ಥರೂ ಕೇಳುವುದನ್ನು ಬಿಟ್ಟಿದ್ದರು. ಒಂದು ಸಣ್ಣ ಕುತ್ತಿಗೆ ಇಷ್ಟೊಂದು ಅನಾಹುತ ಮಾಡಬಹುದೆಂದು ಅವಳು ಅಂದುಕೊಂಡಿರಲಿಲ್ಲ. ಒಂದು ಕ್ಷಣ, ನಾಚಿಕೆಯ ನಡುವೆಯೇ, ಸ್ವಲ್ಪ ಹೆಮ್ಮೆಯೂ ಆಯಿತು. ತನ್ನನ್ನು ನೋಡಿ ಇಬ್ಬರು ಏನನ್ನೋ ಕಲಿತಿದ್ದರು.

"ಸಾರ್‌ಗೆ ಹೇಳಿಬಿಡಣ್ಣ," ಅಂದಳು.

"ನಾನ್ಯಾಕೆ ಹೇಳಲಿ? ನನಗೂ ಅರ್ಥ ಆಗಿಲ್ಲ ಅಂತ ಗೊತ್ತಾಗಲ್ವಾ?" ಅಂದ ಗುಂಡಿಯಣ್ಣ. ಇಬ್ಬರೂ ಸೇರಿ ಉಳಿದ ಟೋಪಿಗಳನ್ನು ಒಣಹಾಕಿದರು.

ಬುಧವಾರ ಬಂದವರು ಖಗೋಳದ ವಿಜ್ಞಾನಿ. ಬೆಳ್ಳಗಿನ ಕೂದಲನ್ನು ಪೆನ್ಸಿಲು ಚುಚ್ಚಿ ಕಟ್ಟಿಕೊಂಡಿದ್ದ, ಅವಸರವಿಲ್ಲದ ಹೆಂಗಸು. ಲಿಫ್ಟು ಬೇಡವೆಂದು ಮೆಟ್ಟಿಲು ಹತ್ತಿ ಬಂದಿದ್ದರಿಂದ ಉಬ್ಬಸ ಪಡುತ್ತಿದ್ದರು. ಚೀಲದಿಂದ ಒಂದು ಬಲೂನು, ಒಂದು ರಬ್ಬರ್ ಬ್ಯಾಂಡು, ಒಂದು ಶಾಯಿ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಇದು ಬಾನುಲಿ ಮೇಡಂ, ಯಾರಿಗೂ ಏನೂ ಕಾಣಿಸುವುದಿಲ್ಲ ಎಂದು ನಿರೂಪಕರು ನೆನಪಿಸಿದರು. ಅದಕ್ಕೆ ಅವರು ಮೂರನೆಯ ಕುರ್ಚಿಯ ಕಡೆ ನೋಡಿ, "ಇವಳಿಗೆ ಕಾಣುತ್ತಲ್ಲ, ಸಾಕು," ಅಂದರು.

ಅವಳು ಎಂದಿನಂತೆ ತಲೆಯಾಡಿಸಿದಳು. ಗಾಜಿನ ಆಚೆ ಗುಂಡಿಯಣ್ಣನ ಪಕ್ಕದಲ್ಲಿ ಮುಖ್ಯಸ್ಥೆ ಕೂತಿದ್ದರು. ಕೆಂಪು ದೀಪ ಹೊತ್ತಿಕೊಂಡಿತು. ಮೂರನೆಯ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತು ಕೇಳುತ್ತಿದ್ದಾಳೆ ಎಂದು ನಿರೂಪಕರು ಕೇಳುಗರಿಗೆ ಹೇಳಿದರು.

ವಿಜ್ಞಾನಿ ನಮಸ್ಕಾರ ಹೇಳಿ ಮಾತು ಶುರು ಮಾಡಿದರು. ವಿಶ್ವ ಹಿಗ್ಗುತ್ತಿದೆ. ಒಂದೊಂದು ಗ್ಯಾಲಕ್ಸಿಯೂ ಕೋಟ್ಯಂತರ ನಕ್ಷತ್ರಗಳ ಒಂದು ಊರು ಅಂದುಕೊಳ್ಳಿ. ನಮ್ಮಿಂದ ಬಹು ದೂರದ ಊರುಗಳೆಲ್ಲ ಇನ್ನೂ ದೂರ ಸರಿಯುತ್ತಿವೆ. ಹಾಗಂತ ನಾವೇನೂ ನಡುವಿನಲ್ಲಿಲ್ಲ. ಯಾವ ಊರಿನಿಂದ ನೋಡಿದರೂ ಹಾಗೇ ಕಾಣುತ್ತದೆ. ನಡು ಅನ್ನುವುದೇ ಇಲ್ಲ. ಇಷ್ಟು ಹೇಳಿ ಅವಳನ್ನು ನೋಡಿದರು.

ಇನ್ನು ಸ್ವಲ್ಪ ಹೊತ್ತಿಗೆ ಮೈಕು ತನ್ನ ಮುಂದೆ ಬರುತ್ತದೆ ಅನ್ನುವುದೊಂದೇ ಅವಳ ಮನಸ್ಸಿನಲ್ಲಿತ್ತು. ಈಗ ಹೂಂ ಅಂದರೆ ಆಗ ಬಾಯಿ ಬಿಡಬೇಕು. ಆಮೇಲೆ ಆದದ್ದು ಧೈರ್ಯದಿಂದೇನೂ ಅಲ್ಲ. ಬಾಯಿ ಬಿಡುವ ಹೆದರಿಕೆ ತಲೆ ಅಡ್ಡಡ್ಡ ಆಡಿಸುವ ಹೆದರಿಕೆಗಿಂತ ಒಂದು ತೂಕ ಹೆಚ್ಚಿತ್ತು, ಅಷ್ಟೇ. ಅವಳ ತಲೆ ಬಲಕ್ಕೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು, ಬಂದ ದಾರಿ ಮರೆತಂತೆ. ಆಮೇಲೆ ಎಡಕ್ಕೆ ಬಂತು.

ನಿರೂಪಕರ ಕೈಯಿಂದ ಪ್ರಶ್ನೆಗಳ ಹಾಳೆ ಜಾರಿತು. ಗುಂಡಿಯಣ್ಣ ಯಾವುದೋ ಗುಂಡಿಯನ್ನು ಮೇಲೆ ತಳ್ಳಿ ಮತ್ತೆ ಕೆಳಗೆಳೆದ. ವಿಜ್ಞಾನಿ ಮಾತ್ರ, ಓ ಹೌದಾ, ತಿಳೀಲಿಲ್ವಾ ಎಂದು ಬಲೂನಿಗೆ ಕೈಹಾಕಿದರು.

ಬಲೂನಿನ ಮೇಲೆ ಶಾಯಿಯಲ್ಲಿ ಚುಕ್ಕೆಗಳನ್ನಿಟ್ಟು ಊದಿದರು. ಅವರ ಉಬ್ಬಸಕ್ಕೆ ಬಲೂನು ಹಿಗ್ಗುವುದೂ ಕುಗ್ಗುವುದೂ ನಡೆದು, ನೇರ ಪ್ರಸಾರದಲ್ಲಿ ವಿಚಿತ್ರ ಸದ್ದುಗಳು ಹೋದವು. ನೋಡು, ಚುಕ್ಕೆಗಳು ಒಂದರಿಂದೊಂದು ದೂರ ಹೋದವು, ಯಾವ ಚುಕ್ಕೆಯೂ ನಡುವಿನದಲ್ಲ ಎಂದರು. ಅವಳು ಬಲೂನನ್ನು ನೋಡಿದಳು. ಬಲೂನಿಗೆ ನಡು ಇತ್ತಲ್ಲ, ಒಳಗೆ, ಗಾಳಿ ಇರುವ ಕಡೆ. ತಲೆ ಅಡ್ಡಡ್ಡ ಹೋಯಿತು. ಈ ಸಲ ಸ್ವಲ್ಪ ಸಲೀಸಾಗಿ.

ಒಳಗಿನದನ್ನು ಮರೆತುಬಿಡು ಅಂದರು ವಿಜ್ಞಾನಿ, ಮೇಲಿನ ರಬ್ಬರಷ್ಟೇ ಲೆಕ್ಕ. ಕಣ್ಣೆದುರಿಗೇ ಇರುವುದನ್ನು ಮರೆಯುವುದು ಹೇಗೆ? ಅಡ್ಡಡ್ಡ. ಆಗ ರಬ್ಬರ್ ಬ್ಯಾಂಡನ್ನು ಕತ್ತರಿಸಿ ಎಳೆದು ತೋರಿಸಿದರು. ಅದಕ್ಕೆ ಎರಡು ತುದಿಗಳಿದ್ದವು. ಅಡ್ಡಡ್ಡ. ಒಣದ್ರಾಕ್ಷಿ ಹಾಕಿ ನಾದಿದ ಬ್ರೆಡ್ಡಿನ ಹಿಟ್ಟು ಉಬ್ಬುವುದನ್ನು ನೆನೆಸಿಕೋ ಅಂದರು. ಅವಳು ನೆನೆಸಿಕೊಂಡಳು, ಹಿಟ್ಟು ಉಬ್ಬುತ್ತಾ ಪಾತ್ರೆಯ ಕಂಠ ದಾಟಿ ಮೇಜಿನ ಮೇಲೆ ಇಳಿಯಿತು. ವಿಶ್ವಕ್ಕೆ ಆ ಮೇಜು ಯಾವುದು? ಅಡ್ಡಡ್ಡ.

ಆಗ ಆದದ್ದು ಇಷ್ಟು. ನಿರೂಪಕರು, ಎಷ್ಟೋ ದಿನಗಳಿಂದ ಮುಚ್ಚಿಟ್ಟಿದ್ದ ಗಂಟನ್ನು ಬಿಚ್ಚಿದವರಂತೆ, ನೇರ ಪ್ರಸಾರದಲ್ಲೇ, ತಮ್ಮ ತುಂಬು ಗಂಟಲು ಬಿಟ್ಟು ಮನೆಯಲ್ಲಿ ಮಾತಾಡುವ ಸಣ್ಣ ಗಂಟಲಿನಲ್ಲಿ ಹೇಳಿದರು:

"ಮೇಡಂ, ನಿಜ ಹೇಳ್ಬೇಕಂದ್ರೆ ನನಗೂ ಅದೇ ಅನುಮಾನ. ಹಿಗ್ಗುತ್ತೆ ಸರಿ, ಎಲ್ಲಿಗೆ ಹಿಗ್ಗುತ್ತೆ?"

ಗಾಜಿನ ಆಚೆ ಗುಂಡಿಯಣ್ಣನ ಕೈ ಜೇಬಿನಿಂದ ಹೊರಬಂದು ಮೇಲಕ್ಕೆ ಎದ್ದಿತ್ತು.

ವಿಜ್ಞಾನಿಗೆ ಹುರುಪು ಬಂತು. ಎಲ್ಲಿಗೆ ಅನ್ನುವ ಪ್ರಶ್ನೆಯೇ ಇಲ್ಲಿ ನಿಲ್ಲುವುದಿಲ್ಲ, ಜಾಗವೇ ಹಿಗ್ಗುವಾಗ ಅದರ ಆಚೆ ಇನ್ನೊಂದು ಜಾಗ ಬೇಕಿಲ್ಲ, ನಾವು ಕಂಡ ಹಿಗ್ಗುವ ವಸ್ತುಗಳಿಗೆಲ್ಲ ಅಂಚು ಇರುವುದರಿಂದ ನಮ್ಮ ಮನಸ್ಸು ಅಂಚನ್ನೇ ಹುಡುಕುತ್ತದೆ ಎಂದರು. ಲೆಕ್ಕದಲ್ಲಿ ಅದು ಸರಳ, ಹೋಲಿಕೆಯಲ್ಲೇ ಕಷ್ಟ ಎಂದರು. ಎದ್ದು ನಿಂತು ಮೂರು ಕುರ್ಚಿಗಳನ್ನೂ ಸಾಲಾಗಿ ಎಳೆಸಿ, ನಡುವಿನ ಅಂತರವನ್ನು ಎರಡರಷ್ಟು ಮಾಡಿ, ನೋಡು, ನಿನ್ನ ಕುರ್ಚಿಯಿಂದ ನೋಡಿದರೂ ಉಳಿದೆರಡು ದೂರ ಹೋದವು, ನನ್ನ ಕುರ್ಚಿಯಿಂದ ನೋಡಿದರೂ ಅಷ್ಟೇ ಎಂದರು. ನಿರೂಪಕರು ಕುರ್ಚಿಯ ಜೊತೆಗೇ ಮೈಕಿನಿಂದ ದೂರವಾಗಿ, ಅವರ ಮುಂದಿನ ಪ್ರಶ್ನೆ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಮೂರನೆಯ ಕುರ್ಚಿ ಕಿರ್ರ್ ಎಂದು ತನ್ನದೂ ಒಂದು ಮಾತು ಸೇರಿಸಿತು. ಅವಳು ಅಡ್ಡಡ್ಡ, ಅಡ್ಡಡ್ಡ, ಅಡ್ಡಡ್ಡ. ಒಮ್ಮೆ ರುಚಿ ಹತ್ತಿದ ಮೇಲೆ ಕುತ್ತಿಗೆ ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು.

ಹೀಗೆ ಹೊತ್ತೆಲ್ಲ ಕರಗಿತು. ಮುಗಿಯಿತು ಮುಗಿಯಿತು ಎಂದು ಗುಂಡಿಯಣ್ಣ ಗಾಜಿನ ಆಚೆ ಬೆರಳು ಸುತ್ತಿಸತೊಡಗಿದ. ಅವಳ ಬಾಯಲ್ಲಿ ಹೇಳಿಸುವುದಕ್ಕೆಂದು ಇಟ್ಟಿದ್ದ ಹೊತ್ತನ್ನೂ ವಿಜ್ಞಾನಿಯೇ ತಿಂದುಹಾಕಿದ್ದರು. ಅವರು ಕೊನೆಯ ಸಲ ಮುಂದಕ್ಕೆ ಬಾಗಿ, ಅರ್ಧ ಬಿಚ್ಚಿಹೋದ ಕೂದಲನ್ನು ಹಿಂದೆ ತಳ್ಳಿಕೊಂಡು, "ಈಗ?" ಎಂದರು.

ಅವಳು ನೋಡಿದಳು. ನೋಡುವುದರಲ್ಲಿ ಅವಳು ಎಂದೂ ಫೇಲಾದವಳಲ್ಲ. ವಿಜ್ಞಾನಿಯ ಹಣೆಯ ಮೇಲೆ ಬೆವರು, ತುಟಿಗೆ ಮೆತ್ತಿದ ಬಲೂನಿನ ಶಾಯಿ, ಕಣ್ಣಲ್ಲಿ ಆಸೆ. ಪಕ್ಕದಲ್ಲಿ ನಿರೂಪಕರು, ಇನ್ನು ನಿನ್ನ ಕೈಯಲ್ಲಿದೆ ಅನ್ನುವಂತೆ. ಗಾಜಿನ ಆಚೆ ಕೈಕಟ್ಟಿ ಕೂತ ಮುಖ್ಯಸ್ಥೆ. ಎಲ್ಲರ ಮೇಲೂ ಒಟ್ಟಿಗೇ ಕನಿಕರ ಬಂದುಬಿಟ್ಟಿತು. ತಲೆ ಮೇಲೆ ಹೋಯಿತು, ಕೆಳಗೆ ಬಂತು.

ವಿಜ್ಞಾನಿ ಕೈಗಳೆರಡನ್ನೂ ಚೆಲ್ಲಿ ಕುರ್ಚಿಗೆ ಒರಗಿದರು. ಕೆಂಪು ದೀಪ ಆರಿತು.

ಹಜಾರದಲ್ಲಿ ಹಬ್ಬವೋ ಹಬ್ಬ. ಫೋನುಗಳು ಬಡಿದುಕೊಳ್ಳುತ್ತಿದ್ದವು. ಆ ಹುಡುಗಿಗೆ ಕೊನೆಗೆ ತಿಳಿಯಿತಾ ಇಲ್ಲವಾ ಎಂದು ಒಬ್ಬರು, ನಮಗೂ ಬಲೂನಿನ ಒಳಗಿನದ್ದೇ ಅನುಮಾನ ಎಂದು ಇನ್ನೊಬ್ಬರು. ಹಾಳು ಕುರ್ಚಿ ಎಳೆಯುವ ಸದ್ದಿಗೆ ಮಗು ಎದ್ದಿತು ಎಂದು ಬೈದವರೂ ಇದ್ದರು. ಮುಖ್ಯಸ್ಥೆ ಅವಳ ಎದುರಿಗೇ ಬಂದು ನಿಂತು ನಕ್ಕರು. ಅವರು ನಗುವುದನ್ನು ಯಾರೂ ಕಂಡಿರಲಿಲ್ಲ. ಮೊದಲು ತಿಳಿಯುವುದಿಲ್ಲ ಎಂದು ಸತಾಯಿಸಿ ಕೊನೆಗೆ ತಿಳಿಯಿತು ಅನ್ನುವುದು ಬಹಳ ಚೆನ್ನಾಗಿದೆ, ವಾರವಾರವೂ ಹೀಗೇ ಮಾಡು, ಕುರ್ಚಿ ನಿನ್ನದೇ, ಇನ್ನು ಲೋಟ ತೊಳೆಯುವುದೂ ಬೇಡ ಎಂದರು. ಅವಳ ಮೈಯೆಲ್ಲ ಹಗುರಾಯಿತು. ತಪ್ಪಿಸಿಕೊಂಡೆ ಎಂದುಕೊಂಡಳು. ಬಾಯಿ ಬಿಡದೆಯೇ ಪಾಸಾದ ಮೊದಲ ಪರೀಕ್ಷೆ.

ಅಷ್ಟರಲ್ಲಿ ವಿಜ್ಞಾನಿ ಚೀಲ ಹೆಗಲಿಗೇರಿಸಿಕೊಂಡು ಬಂದರು. ಬಂದವರು ಬೇರೆ ಯಾರನ್ನೂ ಮಾತಾಡಿಸದೆ ನೇರವಾಗಿ ಅವಳ ಮುಂದೆ ನಿಂತರು.

"ಒಂದು ಮಾತು ಹೇಳಮ್ಮ. ನಾನು ಕಾಲೇಜಲ್ಲಿ ಇದನ್ನ ಹೇಳೋಕೆ ಶುರು ಮಾಡಿ ತಲೆ ಬೆಳ್ಳಗಾಯ್ತು. ಮಕ್ಕಳು ತಲೆ ಆಡಿಸ್ತಾರೆ, ಪರೀಕ್ಷೇಲಿ ಮಣ್ಣು ಮುಕ್ತಾರೆ. ನಿನಗೆ ಯಾವುದರಿಂದ ತಿಳೀತು? ಬಲೂನಾ, ಹಿಟ್ಟಾ, ಕುರ್ಚಿನಾ? ಅದೊಂದನ್ನೇ ಇಟ್ಕೊಂಡು ಬಾಕಿ ಎಲ್ಲ ಬಿಟ್ಟುಬಿಡ್ತೀನಿ."

ಕೂದಲಿನ ಪೆನ್ಸಿಲನ್ನು ಎಳೆದು, ಬರೆದುಕೊಳ್ಳಲು ಅಂಗೈಯನ್ನೇ ಚಾಚಿದ್ದರು.

ಪಕ್ಕದಲ್ಲಿ ಮುಖ್ಯಸ್ಥೆ. ಯಾವುದಾದರೂ ಒಂದು ಹೆಸರು ಹೇಳಿದರೆ ಮುಗಿಯಿತು. ಕುರ್ಚಿ ಅಂದರೂ ಆಗುತ್ತಿತ್ತು. ಇವರು ಹೋಗಿ ವರ್ಷವರ್ಷವೂ ಮಕ್ಕಳ ಮುಂದೆ ಕುರ್ಚಿ ಎಳೆಯುತ್ತಾರೆ; ಆ ಮಕ್ಕಳೆಲ್ಲ ಮೇಲೆ ಕೆಳಗೆ ತಲೆಯಾಡಿಸುತ್ತಾರೆ. ಅವಳಿಗೆ ಆ ತಲೆಗಳೆಲ್ಲ ಸಾಲಾಗಿ ಕಂಡವು, ಒಂದೊಂದಕ್ಕೂ ತನ್ನದೇ ಮುಖ. ತಲೆಯನ್ನು ಅಡ್ಡಡ್ಡ ಆಡಿಸಲು ನೋಡಿದಳು. ಅರ್ಧ ತಾಸಿನ ಕೆಲಸಕ್ಕೆ ಕುತ್ತಿಗೆ ಉಳುಕಿಕೊಂಡಂತಾಗಿ ಕದಲಲಿಲ್ಲ. ಬೇರೆ ದಾರಿ ಇಲ್ಲದೆ ಬಾಯಿಯೇ ಬಿಡಬೇಕಾಯಿತು.

"ಯಾವುದರಿಂದಲೂ ಇಲ್ಲ," ಅಂದಳು.

ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಮತ್ತೆ ಕೊನೇಲಿ ತಲೆ ಆಡಿಸಿದ್ದು?" ಮುಖ್ಯಸ್ಥೆಯ ನಗು ಎಲ್ಲಿತ್ತೋ ಅಲ್ಲಿಗೇ ವಾಪಸು ಹೋಗಿತ್ತು.

"ನಿಮ್ಮೆಲ್ಲರ ಮುಖ ನೋಡಿ ಪಾಪ ಅನ್ನಿಸ್ತು."

ಹಾಗಾದರೆ ಇವಳನ್ನು ಇಟ್ಟುಕೊಂಡು ಪ್ರಯೋಜನವೇನು, ಬೇರೆ ಚುರುಕಾದ ಹುಡುಗಿಯನ್ನು ನೋಡಿ ಎಂದು ಮುಖ್ಯಸ್ಥೆ ನಿರೂಪಕರಿಗೆ ಹೇಳಿದರು. ಚುರುಕಾದವಳು ಬೇಡ ಮೇಡಂ, ಆಮೇಲೆ ತಿಳಿಯದವನು ನಾನೊಬ್ಬನೇ ಆಗ್ತೀನಿ ಎಂದು ನಿರೂಪಕರು ಗಾಬರಿಯಿಂದ ಅಂದರು. ವಿಜ್ಞಾನಿ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗೈಯನ್ನು ಹಾಗೇ ಚಾಚಿಕೊಂಡು ಮುಖ್ಯಸ್ಥೆಯ ಕಡೆ ತಿರುಗಿ, ನಿಜವಾದ ಕುತೂಹಲದಿಂದಲೇ ಕೇಳಿದರು:

"ನಿಮಗೆ ಯಾವುದರಿಂದ ತಿಳೀತು?"

ಮುಖ್ಯಸ್ಥೆಯ ತಲೆ ಮೇಲೆ ಹೋಯಿತು, ಕೆಳಗೆ ಬಂತು. ನಿಧಾನವಾಗಿ, ಗಂಭೀರವಾಗಿ, ತುಸು ಹುಬ್ಬು ಕೂಡಿಸಿ. ಆ ತಲೆಯಾಟದ ಒಳಹೊರಗನ್ನು ಬಲ್ಲವಳು ಆ ಹಜಾರದಲ್ಲಿ ಒಬ್ಬಳಿದ್ದಳು. ಅವಳು ಮುಖ್ಯಸ್ಥೆಯನ್ನು ನೋಡಿದಳು. ತಾವು ಸಿಕ್ಕಿಬಿದ್ದದ್ದು ಯಾರ ಕಣ್ಣಿಗೆ ಎಂದು ಮುಖ್ಯಸ್ಥೆಗೂ ತಿಳಿಯಿತು. ಅವರ ಕಿವಿ ಕೆಂಪಾಯಿತು. ಫೋನು ಬರುತ್ತಿದೆ ಎಂದು ಅತ್ತ ಹೊರಟವರು, ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದರು:

"ಮುಂದಿನ ವಾರ ಇದನ್ನೇ ಇನ್ನೊಂದು ಸಲ ಮಾಡಿ. ಇವಳ ಕುರ್ಚಿಗೆ ಎಣ್ಣೆ ಹಾಕ್ಸಿ, ಹಾಗೇ ಇರಲಿ."

ಅವಳು ಹಜಾರದ ಬೆಂಚಿನ ಮೇಲೆ ಕೂತಳು. ವಿಜ್ಞಾನಿಯೂ ಚೀಲವನ್ನು ಕಾಲ ಬಳಿ ಇಟ್ಟು ಪಕ್ಕದಲ್ಲೇ ಕೂತರು. ಕೆಳಗೆ ಕಾರು ಕಾಯುತ್ತಿದೆ ಎಂದು ಗುಂಡಿಯಣ್ಣ ನೆನಪಿಸಿದರೆ, ಕಾಯಲಿ ಅಂದರು. ಅವನೂ ಹೋಗದೆ ಗೋಡೆಗೆ ಒರಗಿ ನಿಂತ. ನಿರೂಪಕರು ಯಾರದೋ ಕಾಲು ತುಳಿದುಕೊಂಡು ಹತ್ತಿರ ಬಂದರು.

"ಸರಿ, ಹೇಳು," ಅಂದರು ವಿಜ್ಞಾನಿ. "ಎಲ್ಲಿ ತಪ್ಪಿಹೋಯ್ತು ನಿನಗೆ?"

ಇಂಥ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ.

"ಬಲೂನು ಊದಿದ್ರಲ್ಲ, ಅದಕ್ಕಿಂತ ಸ್ವಲ್ಪ ಮುಂಚೆ."

"ವಿಶ್ವ ಹಿಗ್ಗುತ್ತೆ ಅಂದೆ. ಅಲ್ಲಾ?"

"ಅದಕ್ಕಿಂತಲೂ ಸ್ವಲ್ಪ ಮುಂಚೆ."

"ಅದಕ್ಕಿಂತ ಮುಂಚೆ ನಾನು ನಮಸ್ಕಾರ ಅಂದೆ, ಅಷ್ಟೇ."

"ಹೂಂ," ಅಂದಳು ಅವಳು. "ಅದು ಅರ್ಥ ಆಯ್ತು."